ಗಟ್ಟಿಮೇಳದಲ್ಲಿ ಒಡೆದ ಷಡ್ಜ

ಮೂಗೂರು
12 ಜೂನ್ 2025

ಪೂಜ್ಯ ಗುರುಗಳಾದ ಚಿಕ್ಕಸ್ವಾಮಿಯವರಿಗೆ ನಿಮ್ಮ ಶಿಷ್ಯೆ ಹೇಮಲತಾ ಮಾಡುವ ನಮಸ್ಕಾರಗಳು.

ಮೊನ್ನೆ ಫೋನು ಮಾಡಿದ್ದೆ. ನಿಮ್ಮ ಸೊಸೆ ಸುನೀತಾ ಎತ್ತಿಕೊಂಡು, "ಮಾವ ಫೋನಲ್ಲಿ ಮಾತಾಡಾಕಿಲ್ಲ ಕಣಕ್ಕ, ಏನಿದ್ರೂ ಕಾಗ್ದ ಬರೀಬೇಕಂತೆ" ಎಂದರು. ಈ ಕಾಲದಲ್ಲಿ ಕಾಗದವೇ ಎಂದು ನಗು ಬಂತು. ಆದರೆ ನೀವು ಒಂದು ಮಾತು ಹೇಳಿದ ಮೇಲೆ ಮುಗಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸ್ಯಾಕ್ಸೋಫೋನಿನ ನಾದ ಕೆಟ್ಟಿದೆ. ಕೆಳಗಿನ ಸ್ವರಗಳಲ್ಲಿ ಬರೀ ಗಾಳಿ. ಮೇಲಿನವು ಹಿಂಡಿದ ಹಾಗೆ ತೆಳ್ಳಗೆ ಬರುತ್ತವೆ, ಶ್ರುತಿಗಿಂತ ಒಂದು ಕೂದಲು ಮೇಲೆ ನಿಲ್ಲುತ್ತವೆ. ಮೇಲಿನ ಷಡ್ಜ ಮುಟ್ಟಿದರೆ ಯಾವಾಗ ಒಡೆದು ಕೀಚಲು ಬರುತ್ತದೋ ದೇವರಿಗೇ ಗೊತ್ತು. ಮೇ ತಿಂಗಳಲ್ಲಿ ನರಸೀಪುರದ ಒಂದು ಛತ್ರದಲ್ಲಿ ನಮ್ಮ ತಂಡದ ವಾಲಗ ಇತ್ತು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ" ಎಂದರು. ತಂಡ ನಡೆಸುವ ರಂಗನಾಯಕಣ್ಣ ಡೋಲನ್ನು ಬಿರುಸಾಗಿ ಬಾರಿಸಿದರು, ನಾನು ಮೇಲಿನ ಷಡ್ಜ ಹಿಡಿದೆ. ಅದು ಕೀಚ್ ಎಂದು ಒಡೆಯಿತು. ಯಾರಾದರೂ ಸೀನಿದರೂ ವಧೂವರರ ಕಿವಿಗೆ ಬೀಳದಿರಲಿ ಎಂದೇ ಗಟ್ಟಿಮೇಳ ಬಾರಿಸುವುದು. ಅದರೊಳಗಿಂದಲೇ ಅಪಸ್ವರ ಬಂದರೆ ಏನು ಹೇಳುವುದು? ಹುಡುಗಿಯ ಅಜ್ಜಿ ಅಪಶಕುನವೆಂದು ಅತ್ತುಬಿಟ್ಟರು.

ರಂಗನಾಯಕಣ್ಣ ಬೈಯಲಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಹೇಳಿದರು: "ಆಸಾಡ ಕಳೀಲಿ ಕಣವ್ವಾ. ಸ್ರಾವಣದ ಮೊದಲ್ನೇ ಲಗ್ನಕ್ಕೆ ನಿನ್ ಮೇಲಿನ್ ಸ ಸರೀಗ್ ಬಂದ್ರೆ ನೀನು. ಇಲ್ದಿದ್ರೆ ಅಮೃತೇಶ ಕೂತ್ಕತಾನೆ. ಬೇಜಾರ್ ಮಾಡ್ಕಬ್ಯಾಡ." ಅಮೃತೇಶ್ ಎಂದರೆ ತಲಕಾಡಿನ ಹೊಸ ಸ್ಯಾಕ್ಸೋಫೋನಿನವನು. ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ಅವನಿಗೆ ಹತ್ತು ತಂಡಗಳಿವೆ. ಹೆಂಗಸನ್ನು ವಾಲಗಕ್ಕೆ ಕೂರಿಸಿಕೊಳ್ಳುವವರು ಈ ಸುತ್ತಿನಲ್ಲಿ ರಂಗನಾಯಕಣ್ಣ ಒಬ್ಬರೇ. ಈ ಜಾಗ ಹೋದರೆ ನನ್ನ ವಾದ್ಯ ಪೆಟ್ಟಿಗೆ ಸೇರಿದ ಹಾಗೆಯೇ.

ಏನು ಮಾಡಲಿ ಹೇಳಿ. ಆರೋಗ್ಯವಾಗಿದ್ದೇನೆ, ಮೈಗೇನೂ ಆಗಿಲ್ಲ.

ನಿಮ್ಮ
ಹೇಮಲತಾ


ನಂಜನಗೂಡು
18 ಜೂನ್ 2025

ಹೇಮಲತಾ,

ಕಾಗದ ಬಂತು. ಅಕ್ಷರ ಇನ್ನೂ ಕೋಳಿಕಾಲೇ. ನಗು ಬಂತು ಎಂದು ಬರೆದಿದ್ದೀಯ, ಧಾರಾಳವಾಗಿ ನಗು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಎಂದು ಒಲೆಯ ಮುಂದೆ ಮರೆಯುತ್ತೀಯ. ಬರೆದು ಕಳಿಸಿದರೆ ಗೋಡೆಗೆ ಅಂಟಿಸಿಕೊಂಡು ದಿನಾ ನೋಡುತ್ತೀಯ.

ನಾದ ಕೆಟ್ಟಿತು ಎಂದವರ ಹತ್ತಿರ ನಾನು ಮೊದಲು ಕೇಳುವುದು ರೀಡು. ನಿನ್ನ ಆ ಬೆತ್ತದ ನಾಲಗೆ ಎಷ್ಟು ದಿನದ್ದು? ಬೆಳಕಿಗೆ ಹಿಡಿದು ನೋಡು, ತುದಿಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಬಿಸಾಕು. ಹಾಕುವ ಮುಂಚೆ ಬಾಯಲ್ಲಿಟ್ಟು ಚೆನ್ನಾಗಿ ನೆನೆಸು. ರೀಡಿನ ತುದಿ ಮೌತ್‌ಪೀಸಿನ ತುದಿಗೆ ಸರಿಸಮ ಕೂರಬೇಕು. ಎರಡನ್ನೂ ಸೇರಿಸಿ ಹಿಡಿಯುವ ಪಟ್ಟಿಯ ತಿರುಪನ್ನು ಸಿಟ್ಟಿನಿಂದ ಬಿಗಿಯಬೇಡ. ಇನ್ನೊಂದು, ಮದುವೆಮನೆಯ ತಾಂಬೂಲ ಜಗಿದುಕೊಂಡೇ ಊದುವ ಚಾಳಿ ರಂಗನಾಯಕನ ತಂಡದಲ್ಲಿದೆ. ನಿನಗೂ ಹತ್ತಿದ್ದರೆ ಸುಣ್ಣ ಅಡಿಕೆ ಎಲ್ಲಾ ರೀಡಿಗೆ ಮೆತ್ತಿಕೊಂಡು ಅದು ಅದುರದ ಹಲಗೆಯಾಗಿರುತ್ತದೆ.

ಬೆಳಿಗ್ಗೆ ಎದ್ದು ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿ. ಮೆಲ್ಲಗೆ ಶುರುಮಾಡಿ ದೊಡ್ಡದು ಮಾಡು, ಮತ್ತೆ ಮೆಲ್ಲಗೆ ತಾ. ರಾಗ ಕೀರ್ತನೆ ಏನೂ ಬೇಡ. ಬೇಸರ ಬರುತ್ತದೆ, ಬರಲಿ.

ಗಾಬರಿ ಬೀಳಬೇಡ. ಹಲ್ಲು ಹೋದವನ ಸ್ಯಾಕ್ಸೋಫೋನು ಮುಗಿಯಿತು ಎಂದರೆ ಒಪ್ಪಬಹುದು. ನಿನಗೆ ಬಾಯಿ ತುಂಬ ಹಲ್ಲಿದೆ, ಎದೆ ತುಂಬ ಉಸಿರಿದೆ, ಏನು ರೋಗ? ನುಡಿಸಿ ರೆಕಾರ್ಡು ಮಾಡಿ ಸುನೀತಾಳ ಫೋನಿಗೆ ಕಳಿಸು. ಕೇಳಿ ಬರೆಯುತ್ತೇನೆ.

ಚಿಕ್ಕಸ್ವಾಮಿ


ಮೂಗೂರು
27 ಜೂನ್ 2025

ಪೂಜ್ಯ ಗುರುಗಳಿಗೆ,

ನಿಮ್ಮ ಕಾಗದವನ್ನು ಹಲವು ಸಲ ಓದಿದೆ. ಗೋಡೆಗೆ ಮಾತ್ರ ಅಂಟಿಸಲಿಲ್ಲ.

ಮೈಸೂರಿಂದ ಹೊಸ ರೀಡು ತರಿಸಿದೆ. ತಾಂಬೂಲ ನಾನು ಹಾಕುವುದಿಲ್ಲ, ನಿಮಗೇ ಗೊತ್ತು. ದೀರ್ಘ ಸ್ವರ ದಿನಾ ಹಿಡಿಯುತ್ತಿದ್ದೇನೆ. ಮೊದಮೊದಲು ನೆಟ್ಟಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕೆಳದುಟಿ ಉರಿಯತೊಡಗುತ್ತದೆ, ನಾದ ಸಣಕಲಾಗುತ್ತದೆ. ನನ್ನ ಮನಸ್ಸೇ ಸರಿಯಿಲ್ಲವೇನೋ ಅನ್ನಿಸಿ ಎದ್ದುಬಿಡುತ್ತೇನೆ. ಆಷಾಢ ನಿನ್ನೆ ಹುಟ್ಟಿತು. ಇನ್ನೊಂದು ತಿಂಗಳು ಮದುವೆಗಳಿಲ್ಲ, ಅದಷ್ಟೇ ಸಮಾಧಾನ.

ಮೋಹನ ರಾಗದ ಆರೋಹಣ ಅವರೋಹಣ ನುಡಿಸಿ ಸುನೀತಾಗೆ ಕಳಿಸಿದ್ದೇನೆ. ಏನಿದ್ದರೂ ನೇರವಾಗಿ ಬರೆಯಿರಿ.

ಹೇಮಲತಾ


ನಂಜನಗೂಡು
3 ಜುಲೈ 2025

ಹೇಮಲತಾ,

ಕೇಳಿದೆ. ಹಿಂದೆ ಮುಂದೆ ಮಾಡಿ ಕೇಳಿದೆ. ರೀಡಲ್ಲ ನಿನ್ನ ತೊಂದರೆ, ವಾದ್ಯದ್ದೇ. ಉದ್ದಕ್ಕೂ ಟಕ ಟಕ ಎಂದು ತಗಡು ಬಡಿದ ಸದ್ದು ಬರುತ್ತಿದೆ. ಯಾವುದೋ ಕೀಲಿ ಸಡಿಲವಾಗಿದೆ, ಅದರ ಕೆಳಗಿನ ತೊಗಲಿನ ಪ್ಯಾಡು ತೂತನ್ನು ಸರಿಯಾಗಿ ಮುಚ್ಚುತ್ತಿಲ್ಲ. ಗಾಳಿ ಅಲ್ಲಿ ಸೋರಿದರೆ ಕೆಳಗಿನ ಸ್ವರ ಬೆಂಡಾಗುತ್ತದೆ, ನೀನು ಅದನ್ನು ತುಂಬಿಸಲು ಜೋರಾಗಿ ಊದುತ್ತೀಯ, ಮೇಲಿನದು ಒಡೆಯುತ್ತದೆ. ಇಷ್ಟೇ.

ಸಣ್ಣ ಬಲ್ಬನ್ನು ತಂತಿಗೆ ಕಟ್ಟಿ ವಾದ್ಯದೊಳಗೆ ಇಳಿಬಿಡು. ಕಿಟಕಿ ಬಾಗಿಲು ಹಾಕಿಕೊಂಡು ಒಂದೊಂದೇ ಕೀಲಿ ಒತ್ತು. ಯಾವ ಪ್ಯಾಡಿನ ಅಂಚಲ್ಲಿ ಬೆಳಕು ಇಣುಕುತ್ತದೋ ಅದೇ ಕಳ್ಳ. ಅಂಟುವ ಪ್ಯಾಡಿದ್ದರೆ ಸಿಗರೇಟಿನ ಕಾಗದ ಇಟ್ಟು ಒತ್ತಿ ಎಳೆ, ಜಿಗಟು ಬರುತ್ತದೆ. ಸಿಗರೇಟಿನ ಕಾಗದ ಕೇಳಿದರೆ ಅಂಗಡಿಯವನು ನಗುತ್ತಾನೆ, ನಗಲಿ.

ಆರು ವರ್ಷ ಕಲಿಸಿದ್ದೇನೆ, ವಾದ್ಯದ ಸದ್ದು ಯಾವುದು ನಾದ ಯಾವುದು ಎಂದು ನಿನಗೇ ತಿಳಿಯಬೇಡವೇ?

ಚಿಕ್ಕಸ್ವಾಮಿ


ಮೂಗೂರು
11 ಜುಲೈ 2025

ಗುರುಗಳೇ,

ನನಗೆ ಏನೂ ಅರ್ಥವಾಗುತ್ತಿಲ್ಲ.

ಬಲ್ಬು ಇಳಿಬಿಟ್ಟು ನೋಡಿದೆ, ಎಲ್ಲೂ ಬೆಳಕು ಕಾಣಲಿಲ್ಲ. ನಂಬಿಕೆ ಬಾರದೆ ಮೈಸೂರಿಗೆ ಒಯ್ದು ರಿಪೇರಿಯವರಿಗೆ ತೋರಿಸಿದೆ. "ಏನಿಲ್ಲ ಕಣ್ರೀ, ಕಂಡಿಷನ್ ಸೂಪರಾಗದೆ" ಎಂದರು. ಟಕ ಟಕ ಎಂದು ನೀವು ಬರೆದ ಸದ್ದು ಯಾವುದೆಂದು ನಾನೂ ರೆಕಾರ್ಡು ಹಾಕಿ ಕೇಳಿದೆ. ಅದು ಪಕ್ಕದ ಮನೆಯ ಮಂಚಮ್ಮನವರ ಮೇವು ಕತ್ತರಿಸುವ ಮಿಷನ್ನು. ಹಸುಗಳಿಗೆ ಜೋಳದ ಕಡ್ಡಿ ಕೊಚ್ಚುತ್ತಿದ್ದರು.

ಒಂದು ಸ್ವರ ಒಂದು ಎಳೆ ಜಾರಿದರೂ ಹಿತ್ತಲಿಂದ ಕೂಗಿ ಹೇಳುತ್ತಿದ್ದವರು ನೀವು. ಮೇವಿನ ಮಿಷನ್ನಿಗೂ ಸ್ಯಾಕ್ಸೋಫೋನಿಗೂ ವ್ಯತ್ಯಾಸ ನಿಮಗೆ ತಿಳಿಯದೆ ಹೋಯಿತು ಎಂದು ನಾನು ನಂಬುವುದಿಲ್ಲ. ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಾ? ಮಾಡಿ, ಆದರೆ ಶ್ರಾವಣ ಹತ್ತಿರ ಬಂತು.

ಇವತ್ತು ಇನ್ನೊಂದು ರೆಕಾರ್ಡು ಕಳಿಸಿದ್ದೇನೆ. ಹಿಂದೆ ಮುಂದೆ ಯಾವ ಮಿಷನ್ನೂ ಇಲ್ಲ. ಈ ವಾರ ಪರವಾಗಿಲ್ಲ ಅನ್ನಿಸುತ್ತದೆ. ನಿಮಗೆ ಹೇಗೆ ಕೇಳಿಸುತ್ತದೆ ಬರೆಯಿರಿ.

ಹೇಮಲತಾ


ನಂಜನಗೂಡು
17 ಜುಲೈ 2025

ಹೇಮಲತಾ,

ಮೇವಿನ ಮಿಷನ್ನು ಎಂದು ನನಗೆ ಗೊತ್ತಿರಲಿಲ್ಲವೇ? ವಾದ್ಯ ಒಮ್ಮೆ ತಪಾಸಣೆ ಆಗಲಿ ಎಂದು ಹಾಗೆ ಬರೆದೆ. ಆಯಿತಲ್ಲ, ಒಳ್ಳೆಯದೇ ಆಯಿತು.

ಹೊಸ ರೆಕಾರ್ಡು ಕೇಳಿದೆ. ಪರವಾಗಿಲ್ಲ ಎಂದು ನಿನಗೆ ನೀನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೀಯ. ಹೋದ ಸಲಕ್ಕಿಂತ ಕೆಟ್ಟಿದೆ. ಕೆಳದುಟಿ ಉರಿಯುತ್ತದೆ ಎಂದು ನೀನೇ ಬರೆದಿದ್ದೆ, ಅಲ್ಲಿಗೆ ರೋಗ ಗೊತ್ತಾಯಿತು. ನೀನು ಕಚ್ಚುತ್ತಿದ್ದೀಯ. ದವಡೆಯಿಂದ ರೀಡನ್ನು ಅಮುಕಿದರೆ ಅದು ಅದುರುವುದಾದರೂ ಹೇಗೆ? ಶ್ರುತಿ ಮೇಲೇರುವುದು, ನಾದ ಸಣಕಲಾಗುವುದು, ಮೇಲಿನ ಷಡ್ಜ ಒಡೆಯುವುದು, ಎಲ್ಲಾ ಅದರಿಂದಲೇ. ಗಲ್ಲ ಸಡಿಲ ಬಿಡು. ತುಟಿ ಸುತ್ತಲಿಂದ ಹಿಡಿಯಬೇಕು, ಸಂಚಿಯ ಬಾಯಿಗೆ ದಾರ ಎಳೆದ ಹಾಗೆ.

ನಿನ್ನ ಮೌತ್‌ಪೀಸನ್ನು ಕಳಿಸು. ನಂಜನಗೂಡು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸ್ಟ್ಯಾಂಡಿನ ಹೂವಿನ ಅಂಗಡಿಗೆ ತಲುಪಿಸುತ್ತಾನೆ. ಮೇಲ್ಭಾಗದಲ್ಲಿ ಹಲ್ಲಿನ ಗುರುತು ಎಲ್ಲಿದೆ, ಎಷ್ಟು ಆಳ ಬಿದ್ದಿದೆ ನೋಡಿದರೆ ಎಷ್ಟು ಕಚ್ಚುತ್ತೀಯ ಎಂದು ತಿಳಿಯುತ್ತದೆ. ಅದು ಸುಳ್ಳು ಹೇಳುವುದಿಲ್ಲ.

ಚಿಕ್ಕಸ್ವಾಮಿ


ಮೂಗೂರು
22 ಜುಲೈ 2025

ಗುರುಗಳೇ,

ಮೌತ್‌ಪೀಸು ಕಳಿಸಿದ್ದೇನೆ. ಬೇಗ ಹಿಂದಿರುಗಿಸಿ, ಬೇರೆ ಇಲ್ಲ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಎರಡು ವರ್ಷದ ಹಿಂದೆ ನನ್ನ ನಾದ ಹೇಗಿತ್ತು? ಆಗ ನೀವು ಚೆನ್ನಾಗಿದೆ ಎಂದದ್ದು ನಿಜವಾಗಿಯೇ, ಅಥವಾ ಹೆಣ್ಣುಮಗಳು ನೊಂದುಕೊಂಡಾಳು ಎಂದೇ? ಇದೊಂದನ್ನು ತಿಳಿಯದೆ ನಾಲ್ಕು ದಿನದಿಂದ ವಾದ್ಯ ಮುಟ್ಟಲು ಮನಸ್ಸೇ ಬರುತ್ತಿಲ್ಲ.

ಹೇಮಲತಾ


ನಂಜನಗೂಡು
26 ಜುಲೈ 2025

ಹೇಮಲತಾ,

ಎರಡು ವರ್ಷದ ಹಿಂದಿನ ಮಾತು ಬಿಡು. ಈಗಿನದಕ್ಕೆ ಉತ್ತರ ಕೊಡು.

ಮೌತ್‌ಪೀಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಿನ್ನ ಎದುರು ಹಲ್ಲಿನ ಎರಡು ಗುಳಿ ನಟ್ಟನಡುವೆ ಇವೆ, ಹಳೆಯವು, ಅವು ನನಗೆ ಗೊತ್ತು. ಅವುಗಳ ಎಡಕ್ಕೆ ಹೊಸ ಗುಳಿಯೊಂದಿದೆ, ಆಳವಾಗಿದೆ, ಓರೆಯಾಗಿದೆ. ಅದು ನಿನ್ನ ಬಾಯಿಯದಲ್ಲ. ಆರು ವರ್ಷ ಎದುರು ಕೂರಿಸಿಕೊಂಡು ಕಲಿಸಿದವನಿಗೆ ಶಿಷ್ಯೆಯ ಬಾಯಿ ಗೊತ್ತಿರುವುದಿಲ್ಲವೇ?

ಯಾರಿಗೆ ಕೊಟ್ಟೆ? ಅಮೃತೇಶನಿಗೋ? ಇದು ಬಾಯಿಗಿಡುವ ವಸ್ತು. ಗಂಡ ಹೆಂಡತಿಯಾದರೂ ಒಬ್ಬರ ಎಂಜಲ ಮೌತ್‌ಪೀಸನ್ನು ಇನ್ನೊಬ್ಬರು ಮುಟ್ಟಬಾರದು ಎಂದು ಮೊದಲ ದಿನವೇ ಹೇಳಿದ್ದೆ. ನಮ್ಮ ವಾಲಗದವರಲ್ಲಿ ಇದಕ್ಕಿಂತ ದೊಡ್ಡ ಮಾತು ಯಾವುದಿತ್ತು? ಬೇರೆಯವನಿಗೆ ವಾದ್ಯ ಕೊಟ್ಟು, ನಾದ ಕೆಟ್ಟಿತೆಂದು ನನ್ನ ಹತ್ತಿರ ಅಳುತ್ತೀಯಾ? ನನಗೆ ಬಹಳ ಬೇಸರವಾಗಿದೆ. ಮೌತ್‌ಪೀಸು ಹಿಂದಕ್ಕೆ ಕಳಿಸಿದ್ದೇನೆ. ಇನ್ನು ನನಗೆ ಬರೆಯಬೇಡ.

ಚಿಕ್ಕಸ್ವಾಮಿ


ಮೂಗೂರು
30 ಜುಲೈ 2025

ಸಾರ್,

ಬರೆಯಬೇಡ ಎಂದಿರಿ. ಇದೊಂದನ್ನು ಓದಿ, ಆಮೇಲೆ ಒಲೆಗೆ ಹಾಕಿ.

ಅದು ನನ್ನ ಬಾಯಿಯೇ. ಶಿವರಾತ್ರಿಗೆ ಮುಂಚೆ ಮುಡುಕುತೊರೆಯ ಮದುವೆ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಟಾರು ರಸ್ತೆಯ ಮೇಲೆ ಹುರುಳಿ ಒಕ್ಕಣೆಗೆ ಹರಡಿದ್ದರು. ಗಾಡಿಗಳು ಹಾಯ್ದು ಕಾಳು ಬಿಡಲಿ ಎಂದು ನಾವೂ ಹರಡುತ್ತೇವೆ, ಯಾರನ್ನು ಬೈಯುವುದು? ಚಕ್ರ ಜಾರಿತು. ಬೆನ್ನಿಗೆ ಕಟ್ಟಿದ ವಾದ್ಯಕ್ಕೆ ಪೆಟ್ಟಾಗದಿರಲಿ ಎಂದು ಮುಂದಕ್ಕೆ ಬಿದ್ದೆ. ಮೇಲಿನ ಎರಡು ಎದುರು ಹಲ್ಲು ಹೋದವು. ಡಾಕ್ಟರು ತೆಗೆದು ಹಾಕುವಂಥ ಹಲ್ಲು ಮಾಡಿಕೊಟ್ಟರು. ಅದರ ಮೇಲೆ ಮೌತ್‌ಪೀಸು ಇಟ್ಟರೆ ಅದು ಅಲ್ಲಾಡುತ್ತದೆ. ಅಲ್ಲಾಡದಿರಲಿ ಎಂದು ಕೆಳಗಿಂದ ಅಮುಕುತ್ತೇನೆ, ತಡೆಯಲಾಗದಿದ್ದಾಗ ಎಡಕ್ಕೆ ಸರಿಸಿ ನನ್ನ ಸ್ವಂತ ಹಲ್ಲಿಗೆ ಒತ್ತುತ್ತೇನೆ. ಆ ಓರೆ ಗುಳಿ ಅದರದು. ಅಮೃತೇಶನದಲ್ಲ, ಯಾರದೂ ಅಲ್ಲ.

ಹೇಳಲು ನಾಚಿಕೆಯಾಗಿತ್ತು. ಹೇಳೋಣ ಎಂದುಕೊಂಡಿದ್ದಾಗ ನಿಮ್ಮ ಮೊದಲ ಕಾಗದ ಬಂತು. ಹಲ್ಲು ಹೋದವನ ಸ್ಯಾಕ್ಸೋಫೋನು ಮುಗಿಯಿತು ಎಂದು ನಿಮ್ಮ ಕೈಯಾರೆ ಬರೆದಿದ್ದಿರಿ. ಆಮೇಲೆ ನಾನು ಹೇಗೆ ಬಾಯಿ ಬಿಡಲಿ? ನೀವು ರೀಡು, ಪ್ಯಾಡು ಎಂದು ಬರೆದಾಗಲೆಲ್ಲ, ಅದೇ ಇರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ.

ಇನ್ನೊಂದಿದೆ. ಎರಡನೆಯ ರೆಕಾರ್ಡು ಈಗಿನದಲ್ಲ. ಎರಡು ವರ್ಷದ ಹಿಂದೆ ನಿಮ್ಮ ಜಗಲಿಯಲ್ಲೇ ನುಡಿಸಿದ್ದು. ಅವತ್ತು ನೀವು, "ಇವತ್ತು ನೀನು ನುಡಿಸಿದ್ದು ನಾದ" ಎಂದು ಸುನೀತಾಳನ್ನು ಕರೆದು ಕೇಳಿಸಿದ್ದಿರಿ. ನನ್ನ ಕೈಯಲ್ಲಿ ಆಗದೆ ಅದನ್ನೇ ಕಳಿಸಿದೆ, ಮೋಸವೇ. ನೀವು ಅದನ್ನು ಕೆಟ್ಟಿದೆ ಎಂದಿರಿ. ಅಂದಿನಿಂದ ತಲೆ ಕೆಟ್ಟುಹೋಗಿದೆ. ಹಲ್ಲಿದ್ದಾಗಲೂ ನನಗೆ ನಾದ ಇರಲಿಲ್ಲವೇ? ಹಲ್ಲು ಹೋದದ್ದಕ್ಕೆ ಅಳಲಿಲ್ಲ, ಇದಕ್ಕೆ ಅತ್ತೆ.

ಆಗಸ್ಟ್ 17, ಭಾನುವಾರ, ನರಸೀಪುರದಲ್ಲಿ ಲಗ್ನ. ಅವತ್ತೇ ರಂಗನಾಯಕಣ್ಣ ನೋಡುವುದು.

ಹೇಮಲತಾ


ನಂಜನಗೂಡು
9 ಆಗಸ್ಟ್ 2025

ಹೇಮಲತಾ,

ಕಾಗದ ಬಂದು ಬಹಳ ದಿನವಾಯಿತು. ನಿನ್ನೆ ವರಮಹಾಲಕ್ಷ್ಮಿ ಹಬ್ಬದ ದಿನ ಸುನೀತಾ, "ಮಾವ, ಆಯಮ್ಮಂಗೆ ಬರೀರಿ, ಪಾಪ" ಎಂದಳು. ಕೂತಿದ್ದೇನೆ.

ಹಳೆಯ ರೆಕಾರ್ಡಿನ ಮಾತಿಗೆ ಈಗ ಹೊತ್ತಿಲ್ಲ. ಲಗ್ನದ ಮಾತು ಮೊದಲು.

ನೀನು ನನ್ನ ಹತ್ತಿರ ಬಂದಾಗ ಮೇಲ್ದುಟಿಯನ್ನೂ ಒಳಕ್ಕೆ ಮಡಿಸಿಕೊಂಡು ಊದುತ್ತಿದ್ದೆ. ನಿಮ್ಮಜ್ಜ ಕೆಂಪಯ್ಯನವರ ನಾಗಸ್ವರ ಊದಿ ಬಂದ ಚಾಳಿ ಅದು. ನಾಗಸ್ವರಕ್ಕೆ ಹಲ್ಲು ತಾಗುವುದಿಲ್ಲ, ಎಲ್ಲಾ ತುಟಿಯಲ್ಲೇ. ಸ್ಯಾಕ್ಸೋಫೋನಿಗೆ ಇದು ತಪ್ಪು ಎಂದು ಬೈದು ಬೈದು ಬಿಡಿಸಿದೆ. ನನಗೂ ನನ್ನ ಮೇಷ್ಟರು ಹಾಗೇ ಬಿಡಿಸಿದ್ದರು. ಈಗ ಅದನ್ನೇ ವಾಪಸು ತಾ. ಕಟ್ಟಿಸಿದ ಹಲ್ಲನ್ನು ತೆಗೆದಿಡು. ಮೇಲ್ದುಟಿಯನ್ನು ಮಡಿಸಿ ಅದರ ಮೇಲೆ ಮೌತ್‌ಪೀಸು ಕೂರಿಸು. ಕಚ್ಚಲು ಹೋದರೆ ನಿನ್ನ ತುಟಿಗೇ ನೋವಾಗುತ್ತದೆ, ಆದ್ದರಿಂದ ಕಚ್ಚುವುದಿಲ್ಲ. ಬಾಯೊಳಗೆ ಜಾಗವಾಗುತ್ತದೆ, ಗಂಟಲು ತೆರೆಯುತ್ತದೆ, ನಾದ ದುಂಡಗೆ ಬರುತ್ತದೆ. ವಾದ್ಯದ ಭಾರ ಬಲಗೈ ಹೆಬ್ಬೆರಳಿನ ಮೇಲಿರಲಿ, ತುಟಿಯ ಮೇಲೆ ಬೇಡ. ಮೊದಲು ಬೇಗ ದಣಿವಾಗುತ್ತದೆ. ಸ್ವಲ್ಪ ನುಡಿಸು, ನಿಲ್ಲಿಸು, ಮತ್ತೆ ನುಡಿಸು. ಒಂದು ವಾರದಲ್ಲಿ ಎಷ್ಟಾಗುತ್ತದೋ ಅಷ್ಟು.

ಹಲ್ಲು ಹೋದವನ ಮಾತು ನಾನು ಬರೆಯಬಾರದಿತ್ತು. ಎಂಜಲಿನ ಮಾತಂತೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಲಗ್ನಕ್ಕೆ ಬರುತ್ತೇನೆ.

ಚಿಕ್ಕಸ್ವಾಮಿ


ಮೂಗೂರು
19 ಆಗಸ್ಟ್ 2025

ಸಾರ್,

ನೀವು ಬಂದದ್ದು ನನಗೆ ಎಷ್ಟು ಸಂತೋಷವಾಯಿತೆಂದು ಅಲ್ಲಿ ಹೇಳಲಾಗಲಿಲ್ಲ. ಸುನೀತಾ ಕೈ ಹಿಡಿದು ಕರೆತಂದಳು. ಮುಂದಿನ ಕುರ್ಚಿ ಕೊಟ್ಟರೂ ಬೇಡ ಎಂದು ನಮ್ಮ ವೇದಿಕೆಯ ಅಂಚಿಗೇ ಬಂದು ಕೂತಿರಿ. ನಾನು ಹಲ್ಲು ತೆಗೆದು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಫೋಟೋದವನು "ಮೇಡಂ, ಸ್ಮೈಲ್" ಎಂದ, ಬಾಯಿ ಬಿಡಲಿಲ್ಲ.

ಆದರೆ ಒಂದಷ್ಟು ಸಂಗತಿ ನನಗೆ ಬಗೆಹರಿದಿಲ್ಲ. ಗಟ್ಟಿಮೇಳ ಮುಗಿದು ಡೋಲು ನಿಂತಿತ್ತು. ಜನ ಅಕ್ಷತೆ ಹಾಕಿ ಕೂತಾಗಿತ್ತು. ನೀವು ಇನ್ನೂ ತಲೆದೂಗುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದಿರಿ. ಸುನೀತಾ ಭುಜ ಮುಟ್ಟಿದ ಮೇಲೆ ನಿಲ್ಲಿಸಿದಿರಿ. ನಾನು ಕೆಳಗಿಳಿದು ಕಾಲಿಗೆ ಬಿದ್ದು, "ಹೆಂಗಿತ್ತು ಸಾ, ಮೇಲಿನ ಸ?" ಎಂದೆ. ನೀವು ಮೊದಲು ಸುನೀತಾಳ ಮುಖ ನೋಡಿದಿರಿ. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ಚೆನ್ನಾಗಿತ್ತು ಕಣಮ್ಮ, ಒಂದು ಸ್ವರವೂ ಒಡೀಲಿಲ್ಲ" ಎಂದಿರಿ. ಊಟಕ್ಕೂ ನಿಲ್ಲದೆ ಹೊರಟಿರಿ.

ಸಾರ್, ನಿಮಗೆ ಹಾಗೆ ಕೇಳಿಸಿತೇ? ಮೇವಿನ ಮಿಷನ್ನು, ಹಳೆಯ ರೆಕಾರ್ಡು, ಈಗ ಇದು. ಕೇಳಬಾರದ್ದನ್ನು ಕೇಳುತ್ತಿದ್ದರೆ ಬೈಯಿರಿ, ತಡೆದುಕೊಳ್ಳುತ್ತೇನೆ. ಸುಮ್ಮನಿರಬೇಡಿ.

ಹೇಮಲತಾ


ನಂಜನಗೂಡು
25 ಆಗಸ್ಟ್ 2025

ಹೇಮಲತಾ,

ಬೈಯುವುದಿಲ್ಲ. ನನಗೆ ಕಿವಿ ಕೇಳುವುದಿಲ್ಲ.

ಹೋದ ದೀಪಾವಳಿಗೆ ಬಲಗಿವಿ ಹೋಯಿತು. ಸಂಕ್ರಾಂತಿ ಕಳೆಯುವುದರೊಳಗೆ ಎಡದ್ದೂ ಹೋಯಿತು. ಮಿಷನ್ನು ಹಾಕಿಸಿದರು, ಅದರಲ್ಲಿ ಬರೀ ಗುಯ್ ಎಂಬ ಗಲಾಟೆ, ಮನುಷ್ಯರ ಮಾತಿಲ್ಲ. ಬಿಚ್ಚಿಟ್ಟೆ. ನಿನ್ನ ಮೊದಲ ರೆಕಾರ್ಡನ್ನು ಸುನೀತಾ ಕೇಳಿ, ಕೇಳಿದ್ದನ್ನು ಸ್ಲೇಟಿನ ಮೇಲೆ ಬರೆದಳು. ಅವಳಿಗೆ ಸಂಗೀತ ಬರುವುದಿಲ್ಲ. "ಟಕ ಟಕ ಅಂತದೆ ಮಾವ" ಎಂದು ಬರೆದಳು, ನಾನು ಅದರ ಮೇಲೆ ಪಾಂಡಿತ್ಯ ಕಟ್ಟಿದೆ. ಎರಡನೆಯದು ಬಂದ ವಾರ ಅವಳು ತವರಿಗೆ ಹೋಗಿದ್ದಳು. ಫೋನೂ ಅವಳ ಜೊತೆ ಹೋಗಿತ್ತು, ಅದನ್ನು ಕೇಳಿ ನನಗೆ ಬರೆದು ತೋರಿಸುವವರು ಯಾರೂ ಇರಲಿಲ್ಲ. ಹೊಗಳಿ ಬರೆದು ತಪ್ಪಾದರೆ ನನ್ನ ಬಣ್ಣ ಬಯಲಾಗುತ್ತಿತ್ತು, ಬೈದರೆ ಯಾರೂ ಪ್ರಶ್ನೆ ಮಾಡುವುದಿಲ್ಲ ಎಂದು ಬೈದೆ. ನನಗೆ ಬೇರೆ ಶಿಷ್ಯರಿಲ್ಲ. ಕಿವುಡ ಎಂದು ಗೊತ್ತಾದರೆ ನೀನೂ ಬರೆಯುವುದಿಲ್ಲ ಎಂದು ಹೆದರಿದೆ, ಅದಕ್ಕೆ ನಿನ್ನ ನಾದವನ್ನೇ ಬಲಿ ಕೊಟ್ಟೆ. ಎರಡು ವರ್ಷದ ಹಿಂದಿನದು ನಾದವೇ. ಅದು ನಾನು ನನ್ನ ಕಿವಿಯಿಂದ ಕೇಳಿದ್ದು.

ಲಗ್ನದ ದಿನ ವೇದಿಕೆಯ ಹಲಗೆಯ ಮೇಲೆ ಅಂಗೈ ಊರಿ ಕೂತಿದ್ದೆ. ನಿನ್ನ ಕೆಳಗಿನ ಪಂಚಮ ಕೈಗೆ ಬಂತು. ತುಂಬಿ ಬಂತು, ಎದೆಯವರೆಗೆ ಬಂತು. ಅದರಲ್ಲಿ ಸುಳ್ಳಿಲ್ಲ. ಮೇಲಿನ ಷಡ್ಜ ಬರಲಿಲ್ಲ, ಅದು ಹಲಗೆಗೆ ಇಳಿಯುವ ಸ್ವರವಲ್ಲ. ನಿನ್ನ ಮುಖ ನೋಡಿದೆ, ಕಣ್ಣು ಮುಚ್ಚಿತ್ತು. ರಂಗನಾಯಕನ ಮುಖ ನೋಡಿದೆ, ಅವನ ಮುಖದಲ್ಲಿ ಎಂದೂ ಏನೂ ಕಾಣುವುದಿಲ್ಲ. ಹಲಗೆಯಿಂದ ಕೈ ತೆಗೆದ ಮೇಲೆ ಡೋಲು ನಿಂತದ್ದೂ ತಿಳಿಯಲಿಲ್ಲ. ನೀನು ಬಂದು ಕೇಳಿದಾಗ ಒಡೆಯಲಿಲ್ಲ ಎಂದುಬಿಟ್ಟೆ.

ಅದು ಹೇಗೆ ಬಂತು? ನೀನೇ ಬರೆ. ನಿನಗೆ ಇಷ್ಟವಿದ್ದರೆ.

ಚಿಕ್ಕಸ್ವಾಮಿ


ಮೂಗೂರು
30 ಆಗಸ್ಟ್ 2025

ಸಾರ್,

ಗಣೇಶನ ಹಬ್ಬದ ಗಲಾಟೆಯಲ್ಲಿ ನಿಮ್ಮ ಕಾಗದ ತಡವಾಗಿ ಕೈಸೇರಿತು. ಓದಿ ಮೊದಲು ಸಿಟ್ಟು ಬಂತು. ಇಡೀ ಆಷಾಢ ನನ್ನನ್ನು ನಾನೇ ಹಳಿದುಕೊಂಡಿದ್ದೆನಲ್ಲ ಎಂದು. ಆಮೇಲೆ ಕಿವುಡರಾದ ನೀವು ಹಲಗೆಗೆ ಕೈ ಊರಿ ಕೂತದ್ದು ಕಣ್ಣಿಗೆ ಬಂತು, ಸಿಟ್ಟು ಇಳಿಯಿತು.

ಚೆನ್ನಾಗಿ ಬಂತು, ನೀವು ಹೇಳಿದ ಹಾಗೇ ಒಂದೂ ಒಡೆಯಲಿಲ್ಲ ಎಂದು ಬರೆದು ಕವರು ಅಂಟಿಸಿದ್ದೆ. ನಿಮಗೆ ಸಮಾಧಾನವಾಗುತ್ತಿತ್ತು, ನಿಜ ಹೇಳುವವರೂ ಬೇರೆ ಯಾರೂ ಇರಲಿಲ್ಲ. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಒಡೆಯಿತು ಸಾರ್. ಶುರುವಿನಲ್ಲಿ ಒಡೆಯಲಿಲ್ಲ. ದುಂಡಗೆ, ತುಂಬಿಕೊಂಡು ಎದ್ದಿತು. ಇಷ್ಟು ವರ್ಷದಲ್ಲಿ ಅಂಥ ಷಡ್ಜ ನನ್ನ ವಾದ್ಯದಿಂದ ಬಂದಿರಲಿಲ್ಲ, ಅಜ್ಜನ ನಾಗಸ್ವರವೇ ಬಂದು ಕೂತಂತಿತ್ತು. ಮೈ ಜುಮ್ಮೆಂದು ಕಣ್ಣು ಮುಚ್ಚಿಕೊಂಡೆ. ಹುಡುಗ ಮೂರನೆಯ ಗಂಟು ಹಾಕುತ್ತಿದ್ದಾಗ ಮೇಲ್ದುಟಿ ಸೋತಿತು. ಸ್ವರ ಸೀಳಿತು. ನಾನು ಕೆಳಗಿನ ಪಂಚಮಕ್ಕೆ ಇಳಿದು ಅದನ್ನೇ ಹಿಡಿದೆ. ನಿಮ್ಮ ಕೈಗೆ ಬಂದದ್ದು ಅದೇ ಪಂಚಮ ಇರಬೇಕು.

ರಂಗನಾಯಕಣ್ಣ ಡೋಲಿಗೆ ಬಟ್ಟೆ ಕಟ್ಟುತ್ತಾ ಹೇಳಿದರು: "ನಾದ ಬಂತು ಕಣವ್ವಾ, ತಾಕತ್ತು ಬರ್ನಿಲ್ಲ. ಕಾರ್ತೀಕದ ಗಂಟ ಗಟ್ಟಿಮ್ಯಾಳ ಅಮೃತೇಶ ನುಡುಸ್ಲಿ. ನೀನು ಪಕ್ಕದಲ್ಲಿ ಕೂತು ಕೆಳ್ಗಿನ್ ಸ್ವರ ಹಿಡ್ಕ. ಆಮೇಲ್ ನೋಡುವಾ." ಗಟ್ಟಿಮೇಳ ಹೋಯಿತು. ಮನೆಗೆ ಬಂದು ಅತ್ತೆ. ಆದರೆ ತಂಡದಿಂದ ಏಳಿಸಲಿಲ್ಲ, ಮತ್ತೆ ಆ ಮೊದಲಿನ ಅರ್ಧ ಷಡ್ಜವನ್ನು ನಾನು ಕೇಳಿದ್ದೇನೆ. ಪೂರ್ತಿ ಬರಿಸಲು ನನಗೆ ಗುರು ಬೇಕು.

ಸೆಪ್ಟೆಂಬರ್ 8, ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ತುಟಿ, ಗಲ್ಲ, ಉಸಿರು ಎಲ್ಲಿ ತಪ್ಪುತ್ತವೆ ಎಂದು ನೀವು ನೋಡಿ ಹೇಳಿ. ಸ್ವರ ಒಡೆದಾಗ ಒಡೆಯಿತು ಎಂದು ನಾನು ಹೇಳುತ್ತೇನೆ.

ನಿಮ್ಮ
ಹೇಮಲತಾ